ಸಾಯದ ಮೀನಿನ ಲೆಕ್ಕ ಯಾರು ಇಡುತ್ತಾರೆ?

ರೇಷ್ಮೆ ಸಾಕುವವರಿಗೆ ಒಂದು ಸಂಗತಿ ಬಿಡಿಸಿ ಹೇಳಬೇಕಾಗಿಲ್ಲ. ಪಕ್ಕದ ಟೊಮೆಟೊ ಹೊಲಕ್ಕೆ ಹೊಡೆದ ಔಷಧಿ ಗಾಳಿಯಲ್ಲಿ ಬಂದು ನಮ್ಮ ಹಿಪ್ಪುನೇರಳೆ ಸೊಪ್ಪಿನ ಮೇಲೆ ಕೂತರೆ ಹುಳ ಎರಡು ರೀತಿಯಲ್ಲಿ ಹಾಳಾಗುತ್ತದೆ. ವಿಷ ಜಾಸ್ತಿಯಿದ್ದರೆ ತಲೆ ಎತ್ತಿ ಅತ್ತಿತ್ತ ಆಡಿಸಿ, ಬಾಯಲ್ಲಿ ರಸ ಕಕ್ಕಿ, ಮೈ ಕುಗ್ಗಿಸಿಕೊಂಡು ಸಾಯುತ್ತದೆ. ವಿಷ ತೀರಾ ಕಮ್ಮಿಯಿದ್ದರೆ ಸಾಯುವುದಿಲ್ಲ. ಸೊಪ್ಪು ತಿನ್ನುತ್ತದೆ, ನಾಲ್ಕನೇ ಜ್ವರವನ್ನೂ ದಾಟುತ್ತದೆ, ಚಂದ್ರಿಕೆಗೆ ಬಿಟ್ಟ ಮೇಲೆ ಗೂಡು ಕಟ್ಟದೆ ಸುಮ್ಮನೆ ಓಡಾಡಿಕೊಂಡಿರುತ್ತದೆ. ಎಣಿಸಿ ನೋಡಿದರೆ ಎಲ್ಲವೂ ಬದುಕಿವೆ. ಮಾರ್ಕೆಟ್ಟಿಗೆ ಒಯ್ಯಲು ಗೂಡು ಮಾತ್ರ ಇಲ್ಲ.

ಕೆರೆ ಮೀನಿಗೆ ಎಣ್ಣೆ ಮಾಡುವ ಕೇಡು ಹೆಚ್ಚಾಗಿ ಈ ಎರಡನೇ ಜಾತಿಯದು. ಎಣ್ಣೆ ಅಂದರೆ ಇಲ್ಲಿ ಅಡಿಗೆ ಎಣ್ಣೆಯ ಮಾತಲ್ಲ. ಡೀಸೆಲ್, ಗ್ರೀಸು, ಎಂಜಿನ್ನಿನಿಂದ ಬಸಿದ ಕರೀ ಆಯಿಲ್. ಅದು ನೀರಿಗೆ ಬಿದ್ದ ದಿನವೇ ಮೀನು ಹೊಟ್ಟೆ ಮೇಲಾಗಿ ತೇಲುವುದು ಅಪರೂಪ. ಅದಕ್ಕೇ ಯಾರೂ ಗಲಾಟೆ ಮಾಡುವುದಿಲ್ಲ. ಆದರೆ ನರ ಮಂಕಾದ ಮೀನು ಕೆರೆಯಲ್ಲಿ ಇದ್ದೂ ಇಲ್ಲದ ಹಾಗೆ. ಮೇವಿನ ವಾಸನೆ ಅದಕ್ಕೆ ಹತ್ತುವುದಿಲ್ಲ, ಕೊಕ್ಕರೆ ಬಂದರೆ ಓಡುವುದಿಲ್ಲ, ಗುಂಪಿಗೆ ಸೇರುವುದಿಲ್ಲ. ಸತ್ತ ಮೀನನ್ನಷ್ಟೇ ಲೆಕ್ಕಕ್ಕೆ ಹಿಡಿಯುವ ಪದ್ಧತಿ ಬದಲಾಗಬೇಕು, ನಮ್ಮದೂ ಸರ್ಕಾರದ್ದೂ, ಎಂಬುದು ನನ್ನ ವಾದ.

ನೀರು ಬಂತು, ಮೀನೂ ಬಂತು

ಹದಿನೈದು ವರ್ಷದ ಹಿಂದೆ ಈ ಮಾತು ಆಡಿದ್ದರೆ ನಮ್ಮ ಕಡೆ ಜನ ನಗುತ್ತಿದ್ದರು. ನೀರೇ ಇಲ್ಲದ ಕೆರೆಯಲ್ಲಿ ಮೀನಿನ ನರದ ಚಿಂತೆ ಯಾಕೆ? ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ ಎಲ್ಲವೂ ಹುಟ್ಟುವುದು ನಂದಿ ಬೆಟ್ಟದ ಸುತ್ತಮುತ್ತ. ಆದರೆ ವರ್ಷವಿಡೀ ಹರಿಯುವ ಹೊಳೆ ಒಂದೂ ನಮಗಿಲ್ಲ. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು ನಾಲ್ಕೂ ಕಡೆ ಕೆರೆಯಂಗಳದಲ್ಲಿ ಜಾಲಿ ಬೆಳೆದಿತ್ತು. ಬೋರು ಸಾವಿರ ಅಡಿ ದಾಟಿ ಸಾವಿರದ ಐನೂರರ ಹತ್ತಿರ ಹೋಗಿತ್ತು. ನೀರುಗಂಟಿ ಎಂಬ ಮಾತು ಏನೆಂದು ಈಗಿನ ಹುಡುಗರಿಗೆ ಗೊತ್ತೇ ಇರಲಿಲ್ಲ.

ಆಮೇಲೆ ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯ ಪೈಪು ಬಂತು. ಬೆಂಗಳೂರಿನ ಕೊಳಚೆಯನ್ನು ಎರಡು ಹಂತ ಶುದ್ಧ ಮಾಡಿ, ದಿನಕ್ಕೆ 21 ಕೋಟಿ ಲೀಟರ್ ಲೆಕ್ಕದಲ್ಲಿ 65 ಕೆರೆಗಳಿಗೆ ಹರಿಸುವ ಯೋಜನೆ ಅದು. ಚಿಕ್ಕಬಳ್ಳಾಪುರದ ಕಂದವಾರ ಕೆರೆಗೆ ನೀರು ಬಂದದ್ದನ್ನು ನೋಡಲು ಜನ ಜಾತ್ರೆಗೆ ಹೋದ ಹಾಗೆ ಹೋದರು. ಕೋರಮಂಗಲ–ಚಲ್ಲಘಟ್ಟ ಕಣಿವೆಯ ನೀರು ಕೋಲಾರದ ಕೆರೆಗಳಿಗೆ ಹರಿಯಿತು, ಆ ಯೋಜನೆಯ ಪಟ್ಟಿಯಲ್ಲಿ ಚಿಂತಾಮಣಿಯ ಕೆಲವು ಕೆರೆಗಳೂ ಇದ್ದವು. ಮೇಲೆ 2021ರ ಅಕ್ಟೋಬರ್, ನವೆಂಬರಿನ ಮಳೆ ಸುರಿದು ಎಷ್ಟೋ ಕೆರೆ ಕೋಡಿ ಬಿದ್ದವು. ಕಾಟ್ಲಾ, ರೋಹು, ಗೆಂಡೆ ಮರಿ ಬಿಡುವ ಕೆಲಸ ಮತ್ತೆ ಶುರುವಾಯಿತು. ಹರಾಜಿನಲ್ಲಿ ಕೆರೆ ಹಿಡಿಯಲು ಪೈಪೋಟಿ ನಡೆಯುವುದನ್ನು ನೋಡಿ ಹಳಬರಿಗೆ ಸಂತೋಷವೇ ಆಯಿತು.

ಈ ನೀರಿನ ಬಗ್ಗೆ ಇರುವ ಜಗಳ ಎಲ್ಲರಿಗೂ ಗೊತ್ತು. 2018ರ ಜುಲೈನಲ್ಲಿ ಕೋಲಾರದ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಎದ್ದ ದಿನದಿಂದ ಒಂದು ಗುಂಪು ಮೂರನೇ ಹಂತದ ಶುದ್ಧೀಕರಣ ಆಗಲೇಬೇಕು ಎನ್ನುತ್ತಿದೆ. ಇನ್ನೊಂದು ಗುಂಪು, ಒಣ ಕೆರೆಗಿಂತ ಇದು ಮೇಲಲ್ಲವೇ ಎನ್ನುತ್ತದೆ. ಮೂರನೇ ಹಂತ ಬೇಕು ಎಂಬುದಕ್ಕೆ ನನ್ನ ಪೂರ್ತಿ ಒಪ್ಪಿಗೆ ಇದೆ. ಆದರೆ ಈ ಜಗಳದಲ್ಲಿ ಎಲ್ಲರ ಬೆರಳೂ ಬೆಂಗಳೂರಿನ ಕಡೆಗೇ ತೋರಿಸುತ್ತಿದೆ. ಕೆರೆಯ ಏರಿ ಮೇಲೆ ಟ್ರಾಕ್ಟರ್ ನಿಲ್ಲಿಸಿ ಆಯಿಲ್ ಬಸಿಯುವವನು ಬೆಂಗಳೂರಿನವನಲ್ಲವಲ್ಲ!

ನಮ್ಮ ಪಾಲು

ಒಂದು ಟ್ರಾಕ್ಟರಿನ ಎಂಜಿನ್ನಿಗೆ ಏಳೆಂಟು ಲೀಟರ್ ಆಯಿಲ್ ಹಿಡಿಯುತ್ತದೆ. ಇಷ್ಟು ಗಂಟೆ ಓಡಿದ ಮೇಲೆ ಬಸಿದು ಹೊಸದು ಹಾಕಬೇಕು. ಬಸಿದದ್ದು ಎಲ್ಲಿಗೆ ಹೋಗುತ್ತದೆ? ಸ್ವಲ್ಪ ಗೆದ್ದಲು ಹತ್ತದಿರಲಿ ಎಂದು ಕಂಬಕ್ಕೆ ಬಳಿಯುತ್ತೇವೆ, ಸ್ವಲ್ಪ ಚೈನಿಗೆ ಹಾಕುತ್ತೇವೆ, ಇನ್ನಷ್ಟು ಸೊಳ್ಳೆ ಹೋಗಲೆಂದು ಚರಂಡಿಗೆ ಸುರಿಯುತ್ತೇವೆ. ಮಿಕ್ಕಿದ್ದು ಮೆಕ್ಯಾನಿಕ್ ಅಂಗಡಿಯ ಹಿಂದಿನ ಗುಂಡಿಗೆ. ಮೊದಲ ಮಳೆಗೆ ಇದೆಲ್ಲ ರಾಜಕಾಲುವೆ ಸೇರಿ ಕೆರೆಗೇ ಬರುತ್ತದೆ, ಬೇರೆ ದಾರಿಯಿಲ್ಲ. ನೀರು ಇಳಿದು ಬರುವ ಜಾಗದಲ್ಲೇ ನಮ್ಮ ಹಿರಿಯರು ಕೆರೆ ಕಟ್ಟಿದ್ದು.

ಬೋರ್ ಲಾರಿಯನ್ನೂ ಮರೆಯಬಾರದು. ಬಂಡೆ ಕುಟ್ಟುವ ಹ್ಯಾಮರ್ ಸವೆಯದಿರಲೆಂದು ಗಾಳಿಯ ಜೊತೆಗೇ ಆಯಿಲ್ ಬಿಡುತ್ತಾರೆ. ಕಲ್ಲು ಹಿಟ್ಟಿನ ಕೆಸರಿನ ಜೊತೆ ಅದೂ ಮೇಲೆ ಬಂದು ಹೊಲದ ಬದುವಿನಲ್ಲಿ ಹರಿದು ಹೋಗುತ್ತದೆ. ಇಷ್ಟು ಬೋರು ಕೊರೆಸಿದ ನಾಲ್ಕು ತಾಲ್ಲೂಕಿನಲ್ಲಿ ಅದು ಸಣ್ಣ ಬಾಬ್ತಲ್ಲ.

ಇನ್ನು ಆಯುಧ ಪೂಜೆಯ ಹಿಂದಿನ ದಿನ ಯಾವ ಕೆರೆಗಾದರೂ ಹೋಗಿ ನೋಡಿ. ಟ್ರಾಕ್ಟರು, ಟೆಂಪೊ, ಆಟೊ, ಲಾರಿ ಎಲ್ಲ ಸಾಲಾಗಿ ನೀರಿಗೆ ಇಳಿದಿರುತ್ತವೆ. ಡೀಸೆಲ್‌ನಲ್ಲಿ ಬಟ್ಟೆ ಅದ್ದಿ ಎಂಜಿನ್ ಒರೆಸಿ, ಸೋಪಿನ ಪುಡಿ ಹಾಕಿ ತೊಳೆಯುತ್ತಾರೆ. ಸೋಪು ಹಾಕಿದರೆ ಎಣ್ಣೆ ಹೋಯಿತು ಎಂದುಕೊಳ್ಳುತ್ತೇವೆ. ಅದು ಹೋಗುವುದಿಲ್ಲ, ಸಣ್ಣ ಸಣ್ಣ ಹನಿಯಾಗಿ ಒಡೆದು ನೀರಿನಲ್ಲಿ ಬೆರೆಯುತ್ತದೆ. ಮೇಲೆ ತೇಲುವ ಎಣ್ಣೆಗಿಂತ ಬೆರೆತ ಎಣ್ಣೆ ಮೀನಿನ ಕಿವಿರಿಗೆ ಸುಲಭವಾಗಿ ಸಿಗುತ್ತದೆ. ಕೇಳಿದರೆ "ಏನಾಗಲ್ಲ ಬಿಡಣ್ಣ, ಕೆರೆ ತುಂಬ ನೀರೈತೆ" ಎಂಬ ಉತ್ತರ ಸಿದ್ಧವಾಗಿರುತ್ತದೆ.

ಕೆರೆ ತುಂಬ ನೀರೈತೆ, ನಿಜ. ಲೆಕ್ಕ ಹಾಕೋಣ. ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣ ಕಾಣಬೇಕಾದರೆ ಎಣ್ಣೆಯ ಪದರ ಮಿಲಿಮೀಟರಿನ ಸಾವಿರದ ಒಂದು ಪಾಲು ದಪ್ಪ ಇದ್ದರೆ ಸಾಕು. ಆ ದಪ್ಪಕ್ಕೆ ಹರಡಿದರೆ ಒಂದು ಲೀಟರ್ ಎಣ್ಣೆ ಹತ್ತು ಗುಂಟೆ ನೀರನ್ನು ಮುಚ್ಚುತ್ತದೆ. ಒಂದು ಟ್ರಾಕ್ಟರಿನ ಎಂಟು ಲೀಟರ್ ಎರಡು ಎಕರೆ ಕೆರೆಗೆ ಸಾಕು. ಎಲ್ಲವೂ ಮೇಲೇ ಉಳಿಯುವುದಿಲ್ಲ. ಹಗುರವಾದ ಭಾಗ ಆವಿಯಾಗುತ್ತದೆ, ಸ್ವಲ್ಪ ಕರಗುತ್ತದೆ, ಭಾರವಾದದ್ದು ಮಣ್ಣಿನ ಕಣಕ್ಕೆ ಅಂಟಿ ಹೂಳಿಗೆ ಇಳಿಯುತ್ತದೆ. ಗಾಳಿಯಾಡುವ ಹೊಲದ ಮಣ್ಣಿನಲ್ಲಿ ಸೂಕ್ಷ್ಮಜೀವಿಗಳು ಎಣ್ಣೆಯನ್ನು ಬೇಗ ತಿಂದು ಮುಗಿಸುತ್ತವೆ. ಗಾಳಿಯಿಲ್ಲದ ಕೆರೆಯ ಹೂಳಿನಲ್ಲಿ ಅದು ವರ್ಷಗಟ್ಟಲೆ ಕೂತಿರುತ್ತದೆ. ಗೆಂಡೆ, ಮೃಗಾಲ್ ತಳದ ಹೂಳನ್ನೇ ಕೆದಕಿ ಮೇಯುವ ಮೀನು ಎಂಬುದನ್ನು ಇಲ್ಲಿ ನೆನಪಿಡಬೇಕು.

ಮೀನಿನೊಳಗೆ ಏನಾಗುತ್ತದೆ

ಡೀಸೆಲ್, ಪೆಟ್ರೋಲಿನಲ್ಲಿರುವ ಬೆಂಜೀನ್, ಟಾಲ್ವೀನ್‌ನಂಥ ಹಗುರ ವಸ್ತುಗಳು ಕೊಬ್ಬಿನಲ್ಲಿ ಬೇಗ ಕರಗುತ್ತವೆ. ನರದ ಹೊದಿಕೆ ಕೊಬ್ಬಿನದ್ದೇ. ಹಾಗಾಗಿ ಕಿವಿರಿನಿಂದ ರಕ್ತಕ್ಕೆ ಬಂದ ಇವು ನೇರ ನರಕ್ಕೇ ಹೋಗಿ ಕೂರುತ್ತವೆ. ಪೆಟ್ರೋಲ್ ಬಂಕಿನಲ್ಲಿ ಜಾಸ್ತಿ ಹೊತ್ತು ನಿಂತರೆ ನಮಗೆ ತಲೆ ತಿರುಗುವುದೂ ಇದರಿಂದಲೇ. ಮೀನಿಗೆ ಮಂಪರು ಹಿಡಿಯುತ್ತದೆ, ಈಜು ಓರೆಯಾಗುತ್ತದೆ. ಇವು ಆವಿಯಾಗಿ ಹೋಗುವ ಕಾರಣ ನೀರು ತಿಳಿಯಾದರೆ ಮೀನು ಚೇತರಿಸಿಕೊಳ್ಳಲೂಬಹುದು.

ಚೇತರಿಕೆ ಕಷ್ಟವಾಗುವುದು ಭಾರದ ವಸ್ತುಗಳಿಂದ. ಇವನ್ನು ವಿಜ್ಞಾನಿಗಳು ಪಿ.ಎ.ಎಚ್. ಎಂದು ಕರೆಯುತ್ತಾರೆ, ಒಂದಕ್ಕೊಂದು ಅಂಟಿದ ಉಂಗುರಗಳ ಹಾಗಿರುವ ರಾಸಾಯನಿಕ. ಎಂಜಿನ್ನಿನಲ್ಲಿ ಸುಟ್ಟು ಕರಿಯಾದ ಆಯಿಲ್‌ನಲ್ಲಿ ಇವು ಹೊಸ ಆಯಿಲ್‌ಗಿಂತ ಎಷ್ಟೋ ಪಾಲು ಜಾಸ್ತಿ. ನಾವು ಕೆಲಸಕ್ಕೆ ಬಾರದ್ದು ಎಂದು ಚೆಲ್ಲುವುದೇ ಮೀನಿಗೆ ಹೆಚ್ಚು ವಿಷ.

ಇವುಗಳ ಕೆಲಸ ನಮಗೆ ಹೊಸದೇನಲ್ಲ. ನುವಾನ್ ಎಂದರೆ ಹಳೆಯ ರೇಷ್ಮೆ ಬೆಳೆಗಾರರಿಗೆಲ್ಲ ಗೊತ್ತು. ಹೊಡೆದು ಇಷ್ಟು ದಿನ ಬಿಟ್ಟು ಸೊಪ್ಪು ಕೀಳಬೇಕು ಎಂದು ಲೆಕ್ಕ ಇಡುತ್ತಿದ್ದೆವು. ಅದರ ಡೈಕ್ಲೋರ್‌ವಾಸ್ ಎಂಬ ವಿಷವನ್ನು 2020ರ ಡಿಸೆಂಬರ್ 31ರಿಂದ ದೇಶದಲ್ಲೇ ನಿಷೇಧಿಸಿದರು. ಅದು ಹುಳವನ್ನು ಕೊಲ್ಲುವ ಬಗೆ ಹೀಗೆ: ಒಂದು ನರದಿಂದ ಇನ್ನೊಂದಕ್ಕೆ ಸುದ್ದಿ ದಾಟಿಸಲು ಒಂದು ರಸ ಸುರಿಯುತ್ತದೆ. ಸುದ್ದಿ ಮುಟ್ಟಿದ ಮೇಲೆ ಆ ರಸವನ್ನು ಅಳಿಸಲು ಅಸಿಟೈಲ್‌ಕೋಲಿನ್‌ಎಸ್ಟರೇಸ್ ಎಂಬ ಕಿಣ್ವ ಇದೆ. ಅದನ್ನು ನರದ ನೀರುಗಂಟಿ ಎನ್ನಬಹುದು. ತೂಬು ಎತ್ತಿದ ಮೇಲೆ ಇಳಿಸುವವನು ಬೇಕಲ್ಲ, ಅವನು. ವಿಷ ಅವನ ಕೈ ಕಟ್ಟಿದರೆ ತೂಬು ತೆರೆದೇ ಉಳಿದು ಸುದ್ದಿ ನಿಲ್ಲದೆ ಹರಿಯುತ್ತದೆ, ಮೈಯೆಲ್ಲ ನಡುಗುತ್ತದೆ. ಎಣ್ಣೆಗೆ ಒಡ್ಡಿದ ಮೀನುಗಳಲ್ಲೂ ಈ ಕಿಣ್ವದ ಕೆಲಸ ಕುಗ್ಗಿದ್ದನ್ನು ಹಲವು ಪ್ರಯೋಗಗಳು ತೋರಿಸಿವೆ. ಕೀಟನಾಶಕದಷ್ಟು ಜೋರಿಲ್ಲ, ದಾರಿ ಅದೇ. ಟೊಮೆಟೊ, ದ್ರಾಕ್ಷಿ ತೋಟಗಳ ಔಷಧಿ ಮಳೆನೀರಿನಲ್ಲಿ ಹರಿದು ಬರುವ ಕೆರೆಗೆ ಎಣ್ಣೆಯೂ ಸೇರಿದರೆ ಒಂದೇ ನರದ ಮೇಲೆ ಎರಡು ಕಡೆಯಿಂದ ಪೆಟ್ಟು.

ಮೂಗಿನ ವಿಚಾರ ಇನ್ನೂ ಸೂಕ್ಷ್ಮ. ಮೀನಿನ ಮೂಗು ಉಸಿರಾಟಕ್ಕಲ್ಲ, ವಾಸನೆಗಷ್ಟೇ. ಒಂದು ತೂತಿನಿಂದ ನೀರು ಒಳಗೆ ಹೋಗಿ ಇನ್ನೊಂದರಿಂದ ಹೊರಗೆ ಬರುತ್ತದೆ. ಆ ದಾರಿಯಲ್ಲಿ ನರದ ತುದಿಗಳು ನೇರ ನೀರಿಗೇ ತೆರೆದುಕೊಂಡಿರುತ್ತವೆ. ಮೈಯ ಬೇರೆ ನರಗಳಿಗಿರುವ ಚರ್ಮ, ಮಾಂಸದ ರಕ್ಷಣೆ ಅವಕ್ಕಿಲ್ಲ. 1938ರಲ್ಲಿ ಕಾರ್ಲ್ ವಾನ್ ಫ್ರಿಶ್ ಎಂಬ ವಿಜ್ಞಾನಿ (ಜೇನಿನ ಕುಣಿತದ ಅರ್ಥ ಬಿಡಿಸಿದವರೂ ಇವರೇ) ಸಣ್ಣ ಮೀನುಗಳಲ್ಲಿ ಒಂದು ವಿಶೇಷ ಗಮನಿಸಿದರು. ಒಂದು ಮೀನಿನ ಚರ್ಮ ಗಾಯವಾದರೆ ಅದರಿಂದ ಹೊರಟ ಯಾವುದೋ ವಸ್ತುವಿನ ವಾಸನೆಗೆ ಉಳಿದವು ಬೆದರಿ ಓಡುತ್ತವೆ. ಆ ಮೀನು ನಮ್ಮ ರೋಹು, ಕಾಟ್ಲಾ, ಗೆಂಡೆಗಳ ಬಳಗದ್ದೇ. ಈ ಅಪಾಯದ ವಾಸನೆ ಹತ್ತದ ಮೀನು ಕೊಕ್ಕರೆಗೂ ಕೊರಮೀನಿಗೂ ಸುಲಭದ ತುತ್ತು. ಗುತ್ತಿಗೆ ಹಿಡಿದವನಿಗೆ ಬಲೆ ಎಳೆದಾಗ ಮರಿ ಕಮ್ಮಿ ಸಿಗುತ್ತದೆ ಅಷ್ಟೆ. ಸತ್ತ ಮೀನು ಒಂದೂ ಕಣ್ಣಿಗೆ ಬಿದ್ದಿರುವುದಿಲ್ಲ. ಕಳ್ಳರು ಹಿಡಿದಿರಬೇಕು ಎಂದು ಪಕ್ಕದೂರಿನವರ ಮೇಲೆ ಅನುಮಾನ!

ಮೈಲುತುತ್ತದಲ್ಲಿರುವ ತಾಮ್ರವೂ ಮೀನಿನ ವಾಸನೆಯ ನರವನ್ನು ಕೆಡಿಸುತ್ತದೆ ಎಂಬುದನ್ನು ದ್ರಾಕ್ಷಿ ಬೆಳೆಗಾರರು ತಿಳಿದಿರಬೇಕು. ಬೋರ್ಡೋ ಕಲಸಿದ ಡ್ರಮ್ಮನ್ನು ಕಾಲುವೆಯಲ್ಲಿ ತೊಳೆಯುವುದು ಬೇಡ.

ಸಮುದ್ರದಿಂದ ಬಂದ ಪಾಠ

ಎಣ್ಣೆ ಮತ್ತು ಮೀನಿನ ಬಗ್ಗೆ ಗೊತ್ತಿರುವುದರಲ್ಲಿ ಹೆಚ್ಚಿನದು ಸಮುದ್ರದ ಅವಘಡಗಳಿಂದ ಕಲಿತದ್ದು. 1989ರ ಮಾರ್ಚ್‌ನಲ್ಲಿ ಅಲಾಸ್ಕದಲ್ಲಿ ಎಕ್ಸಾನ್ ವಾಲ್ಡೀಜ್ ಹಡಗು ಒಡೆಯಿತು. ಅದಾದ ಮೇಲೆ ನಡೆದ ಅಧ್ಯಯನಗಳಲ್ಲಿ, ಶತಕೋಟಿಯಲ್ಲಿ ಕೆಲವೇ ಪಾಲು ಪಿ.ಎ.ಎಚ್. ಇದ್ದ ನೀರಿನಲ್ಲೂ ಮೀನಿನ ಮೊಟ್ಟೆಗಳು ಕೆಟ್ಟು ಮರಿಗಳು ವಿಕಾರವಾದದ್ದು ಕಂಡಿತು. ಶತಕೋಟಿಯಲ್ಲಿ ಒಂದು ಪಾಲು ಎಂದರೆ ಹತ್ತು ಲಕ್ಷ ಲೀಟರ್ ಹಿಡಿಯುವ ಕೃಷಿಹೊಂಡಕ್ಕೆ ಒಂದು ಗ್ರಾಂ. 2010ರ ಏಪ್ರಿಲ್‌ನಲ್ಲಿ ಮೆಕ್ಸಿಕೊ ಕೊಲ್ಲಿಯ ಡೀಪ್‌ವಾಟರ್ ಹೊರೈಜನ್ ಬಾವಿ ಸಿಡಿಯಿತು. ಅಲ್ಲಿನ ಕಚ್ಚಾ ಎಣ್ಣೆಯನ್ನು ಟ್ಯೂನಾ ಮೀನಿನ ಹೃದಯದ ಜೀವಕೋಶಗಳ ಮೇಲೆ ಪರೀಕ್ಷಿಸಿ 2014ರಲ್ಲಿ ಪ್ರಕಟಿಸಿದರು. ಪೊಟ್ಯಾಸಿಯಂ ಓಡಾಡುವ ಬಾಗಿಲುಗಳೇ ಮುಚ್ಚಿಹೋಗಿ ಬಡಿತದ ತಾಳ ತಪ್ಪಿತ್ತು. ನರ ಸುದ್ದಿ ಕಳಿಸುವುದೂ ಇಂಥ ಬಾಗಿಲುಗಳ ಮೂಲಕವೇ.

2017ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು. ಆಸ್ಟ್ರೇಲಿಯದ ಹವಳದ ದಿಬ್ಬದ ಮರಿ ಮೀನುಗಳನ್ನು, ಈಜುಕೊಳಕ್ಕೆ ಒಂದೆರಡು ಹನಿ ಎಣ್ಣೆ ಬಿದ್ದರೆ ಎಷ್ಟೋ ಅಷ್ಟು ಕಮ್ಮಿ ಪ್ರಮಾಣಕ್ಕೆ ಒಡ್ಡಿದರು. ಆಮೇಲೆ ನೋಡಿದರೆ ಅವಕ್ಕೆ ಬುದ್ಧಿಯೇ ನೆಟ್ಟಗಿಲ್ಲ. ಗುಂಪು ಬಿಟ್ಟು ಅಡ್ಡಾಡುತ್ತವೆ, ಅಡಗಬೇಕಾದಲ್ಲಿ ಬಯಲಿಗೆ ಹೋಗುತ್ತವೆ, ದೊಡ್ಡ ಮೀನಿನ ಬಾಯಿಗೆ ಬೀಳುತ್ತವೆ. ಎಣ್ಣೆ ಅಲ್ಲಿ ಕೊಂದದ್ದಲ್ಲ, ಕೊಲ್ಲುವವರ ಕೈಗೆ ಒಪ್ಪಿಸಿದ್ದು.

ನಮ್ಮ ರಾಜ್ಯದಲ್ಲಿ 2006ರ ಮೇ 30ರಂದು ಕಾರವಾರದ ಹತ್ತಿರ ಓಷನ್ ಸೆರಾಯಾ ಹಡಗು ಬಂಡೆಗೆ ಹತ್ತಿ ಒಡೆದು ಫರ್ನೆಸ್ ಆಯಿಲ್ ಗೋವಾದ ದಡದವರೆಗೂ ಹೋಗಿತ್ತು. 2023ರ ಡಿಸೆಂಬರಿನಲ್ಲಿ ಮಿಚೌಂಗ್ ಚಂಡಮಾರುತದ ಮಳೆನೀರಿನ ಜೊತೆ ಎಣ್ಣೆ ಹರಿದು ಚೆನ್ನೈ ಪಕ್ಕದ ಎಣ್ಣೂರು ಹಿನ್ನೀರಿಗೆ ಸೇರಿತು, ಮೀನುಗಾರರ ದೋಣಿ ಬಲೆ ಎಲ್ಲ ಕಪ್ಪಾದವು. ಹಡಗು ಒಡೆಯದಿದ್ದರೂ ನೆಲದ ಮೇಲಿನ ಎಣ್ಣೆ ಮಳೆಯಲ್ಲಿ ಹೀಗೆ ಬರುತ್ತದೆ. ನಮ್ಮ ಕೆರೆಗಳಲ್ಲಿ ನಡೆಯುವುದು ಇದೇ, ಸಣ್ಣದಾಗಿ, ಪ್ರತಿ ಮುಂಗಾರಿಗೂ. ಕೆರೆಯ ನೀರು ಸಮುದ್ರದಷ್ಟು ವಿಶಾಲವಿಲ್ಲ, ಬಂದದ್ದು ಅಲ್ಲೇ ನಿಲ್ಲುತ್ತದೆ ಎಂಬುದೊಂದು ವ್ಯತ್ಯಾಸ.

ಕಾನೂನಿನ ಕಣ್ಣಿಗೆ ಬೀಳದ ಮೀನು

1986ರ ಪರಿಸರ ಸಂರಕ್ಷಣಾ ನಿಯಮಗಳ ಅಡಿಯಲ್ಲಿ, ಹೊರಬಿಡುವ ತ್ಯಾಜ್ಯ ನೀರು ಹೇಗಿರಬೇಕು ಎಂಬುದಕ್ಕೆ ಒಂದು ಸಾಮಾನ್ಯ ಪಟ್ಟಿ ಇದೆ. ಒಳನಾಡಿನ ಕೆರೆ ಹೊಳೆಗೆ ಬಿಡುವ ನೀರಿನಲ್ಲಿ ಎಣ್ಣೆ, ಗ್ರೀಸು ಲೀಟರಿಗೆ 10 ಮಿಲಿಗ್ರಾಂ ಮೀರಬಾರದು. ಅದೇ ಪಟ್ಟಿಯಲ್ಲಿ ಮೀನಿನ ಪರೀಕ್ಷೆಯೂ ಉಂಟು. ಆ ನೀರಿನಲ್ಲೇ ಮೀನು ಬಿಟ್ಟರೆ 96 ಗಂಟೆ ಆದ ಮೇಲೆ ನೂರಕ್ಕೆ 90 ಬದುಕಿರಬೇಕು.

ಮೀನನ್ನೇ ಸಾಕ್ಷಿಗೆ ಕರೆದ ನಿಯಮ ಬರೆದವರ ತಲೆ ದೊಡ್ಡದು, ಒಪ್ಪುತ್ತೇನೆ. ಆದರೆ ಕೇಳಿದ ಪ್ರಶ್ನೆ ಒಂದೇ: ಬದುಕಿದ್ದೀಯಾ? ನಾಲ್ಕು ದಿನ ಓರೆಯಾಗಿ ಈಜುತ್ತಾ ಮೂಲೆಯಲ್ಲಿ ಬಿದ್ದಿದ್ದ ಮೀನೂ ಪಾಸು, ಮೇವು ಮುಟ್ಟದ್ದೂ ಪಾಸು. ಹಸು ಕೊಳ್ಳುವಾಗ ಉಸಿರಾಡುತ್ತಿದೆಯಾ ಎಂದಷ್ಟೇ ನೋಡಿ ದುಡ್ಡು ಎಣಿಸುವವರು ನಮ್ಮಲ್ಲಿ ಯಾರಿದ್ದಾರೆ?

ಕೊಳಚೆ ಶುದ್ಧೀಕರಣ ಘಟಕಗಳಿಗೆ ಕೇಂದ್ರ ಸರ್ಕಾರ 2017ರ ಅಕ್ಟೋಬರಿನಲ್ಲಿ ಬೇರೆ ಅಧಿಸೂಚನೆ ಹೊರಡಿಸಿತು. ಅದರ ಪಟ್ಟಿಯಲ್ಲಿದ್ದದ್ದು ನಾಲ್ಕೇ: ಹುಳಿ-ಕ್ಷಾರದ ಮಟ್ಟ, ಬಿ.ಓ.ಡಿ., ತೇಲುವ ಕಣಗಳು, ಮಲದ ಸೂಕ್ಷ್ಮಜೀವಿ. ಎಣ್ಣೆಯ ಹೆಸರೇ ಇಲ್ಲ, ಮೀನಿನದೂ ಇಲ್ಲ. ಹಳೆಯ ಪಟ್ಟಿಯ 10 ಮಿಲಿಗ್ರಾಂ ಮಿತಿಯನ್ನೇ ಹಿಡಿದು 21 ಕೋಟಿ ಲೀಟರಿಗೆ ಗುಣಿಸಿ ನೋಡಿದೆ. ದಿನಕ್ಕೆ 2,100 ಕಿಲೋ! ಇಷ್ಟು ಬರುತ್ತಿದೆ ಎಂದು ನಾನು ಹೇಳುತ್ತಿಲ್ಲ. ಘಟಕದಲ್ಲಿ ತೇಲುವ ಎಣ್ಣೆಯನ್ನು ಕೆನೆ ತೆಗೆದ ಹಾಗೆ ತೆಗೆಯುತ್ತಾರೆ, ಉಳಿದದ್ದರಲ್ಲಿ ಸ್ವಲ್ಪವನ್ನು ಬ್ಯಾಕ್ಟೀರಿಯ ತಿನ್ನುತ್ತದೆ, ಸ್ವಲ್ಪ ಕೆಸರಿಗೆ ಅಂಟಿ ಅಲ್ಲೇ ನಿಲ್ಲುತ್ತದೆ. ಆದರೆ ಇಷ್ಟು ಬಂದರೂ ಆ ಪಟ್ಟಿಯ ಪ್ರಕಾರ ತಪ್ಪಾಗುವುದಿಲ್ಲ. ಅಲ್ಲದೆ ಆ 10 ಮಿಲಿಗ್ರಾಂ ಹೋಟೆಲಿನ ಬೋಂಡ ಕರಿದ ಎಣ್ಣೆಯೋ ಗ್ಯಾರೇಜಿನ ಕರೀ ಆಯಿಲ್ಲೋ ಎಂದು ಪರೀಕ್ಷೆ ಬೇರ್ಪಡಿಸಿ ಹೇಳುವುದಿಲ್ಲ. ಮೀನಿನ ನರಕ್ಕೆ ಎರಡೂ ಒಂದೇ ಅಲ್ಲ.

ಹಾಗಾದರೆ ಏನು ಕೇಳಬೇಕು? ಪೈಪಿನ ನೀರು ಬೀಳುವ ಮೊದಲ ಕೆರೆಯಲ್ಲಿ ಎಣ್ಣೆ ಮತ್ತು ಪಿ.ಎ.ಎಚ್. ಎರಡನ್ನೂ ಬೇಸಿಗೆಯಲ್ಲೊಮ್ಮೆ, ಮೊದಲ ಮಳೆ ಆದ ಮೇಲೊಮ್ಮೆ ಪರೀಕ್ಷಿಸಬೇಕು. ನೀರಿನದಷ್ಟೇ ಸಾಲದು, ಹೂಳಿನದೂ ಆಗಬೇಕು. ಫಲಿತಾಂಶವನ್ನು ಪಂಚಾಯ್ತಿ ಬೋರ್ಡಿನಲ್ಲಿ ಕನ್ನಡದಲ್ಲಿ ಹಾಕಬೇಕು. ಮೀನಿನ ಪರೀಕ್ಷೆಯಲ್ಲಿ ಬದುಕಿದ್ದನ್ನು ಎಣಿಸಿದ ಮೇಲೆ ಅದು ಬೆದರುತ್ತದೆಯೇ, ಮೇವಿಗೆ ಬರುತ್ತದೆಯೇ ಎಂದೂ ಬರೆಯಬೇಕು. ಇದಕ್ಕೆ ಹೊಸ ಯಂತ್ರವೇನೂ ಬೇಡ, ಕಣ್ಣು ಸಾಕು.

ಸರ್ಕಾರ ಮಾಡುವ ತನಕ ನಾವೇ ನೋಡಿಕೊಳ್ಳಬಹುದು. ಎರಡು ಪ್ಲಾಸ್ಟಿಕ್ ಡ್ರಮ್ ತೆಗೆದುಕೊಳ್ಳಿ. ಒಂದಕ್ಕೆ ಬೋರಿನ ನೀರು ತುಂಬಿ ಒಂದು ದಿನ ಗಾಳಿಗೆ ಬಿಡಿ. ಇನ್ನೊಂದಕ್ಕೆ ಕಾಲುವೆ ಕೆರೆಗೆ ಸೇರುವ ಜಾಗದ ನೀರು. ಒಂದೇ ಕಡೆಯ, ಒಂದೇ ಗಾತ್ರದ ಹತ್ತತ್ತು ಮರಿ ಬಿಡಿ. ಮಾರನೆಯ ದಿನ ಮಧ್ಯಾಹ್ನ ಡ್ರಮ್ಮಿನ ಪಕ್ಕಕ್ಕೆ ಬೆರಳಿನಿಂದ ಒಮ್ಮೆ ತಟ್ಟಿ. ಗಟ್ಟಿ ಮರಿ ಚಂಗನೆ ತಿರುಗಿ ಓಡುತ್ತದೆ. ರೋಹುವಿನ ಮೈ ಪಕ್ಕದಲ್ಲಿ ಕಾಣುವ ಗೆರೆ ಇದೆಯಲ್ಲ, ನೀರಿನ ಅಲುಗಾಟ ಅದಕ್ಕೆ ತಿಳಿಯುವುದು ಆ ಗೆರೆಯ ನರಗಳಿಂದ. ತಟ್ಟಿದರೂ ಸುಮ್ಮನಿದ್ದರೆ, ಅಕ್ಕಿ ತೌಡು ಹಾಕಿದರೂ ಬಾರದಿದ್ದರೆ, ಓರೆಯಾಗಿ ಸುತ್ತುತ್ತಿದ್ದರೆ ಅನುಮಾನ ಪಡಿ.

ಇದನ್ನು ಉಸಿರು ಕಟ್ಟಿದ ಮೀನಿನ ಜೊತೆ ಗೊಂದಲ ಮಾಡಿಕೊಳ್ಳಬಾರದು. ಆಮ್ಲಜನಕ ಸಾಲದಿದ್ದರೆ ಮೀನು ಬೆಳಗಿನ ಜಾವ ಮೇಲೆ ಬಂದು ಬಾಯಿ ಬಿಡುತ್ತದೆ, ಬಿಸಿಲು ಏರಿದ ಮೇಲೆ ಸರಿಹೋಗುತ್ತದೆ. 2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಒಟ್ಟಿಗೇ ಸತ್ತು ತೇಲಿದವಲ್ಲ, ಅಂಥ ಸಾವು ಪತ್ರಿಕೆಗೆ ಬರುತ್ತದೆ. ನರದ ಮಂಕು ಮಧ್ಯಾಹ್ನದ ಬಿಸಿಲಲ್ಲೂ ಇರುತ್ತದೆ, ಪತ್ರಿಕೆಗೆ ಬರುವುದಿಲ್ಲ. ಡ್ರಮ್ಮಿನ ಪರೀಕ್ಷೆ ಕೋರ್ಟಿಗೆ ಸಾಕ್ಷಿಯಾಗುವುದಿಲ್ಲ, ಎಣ್ಣೆಯದೋ ಔಷಧಿಯದೋ ಎಂದೂ ಹೇಳುವುದಿಲ್ಲ. ಮೀನುಗಾರಿಕೆ ಇಲಾಖೆಯವರನ್ನು ಕರೆಸಿ ನೀರು ಪರೀಕ್ಷೆಗೆ ಕಳಿಸಿ ಎನ್ನಲು ಬಾಯಿ ಬರುತ್ತದೆ, ಅಷ್ಟಾದರೂ ಆಗಲಿ.

ಚರಂಡಿಗೆ ಸುರಿಯುವ ಆಯಿಲ್

ಸೊಳ್ಳೆಗೆಂದು ಕರೀ ಆಯಿಲ್ ಸುರಿಯುವವರಿಗೆ ಒಂದು ಮಾತು. ನೀರಿನ ಮೇಲೆ ಎಣ್ಣೆ ಹರಡಿದರೆ ಸೊಳ್ಳೆ ಮರಿ ಉಸಿರು ಕಟ್ಟಿ ಸಾಯುತ್ತದೆ, ಅದು ಸುಳ್ಳಲ್ಲ. ಆದರೆ 1990ರ ದಶಕದಲ್ಲಿ ನಮ್ಮ ಹಳೇ ಕೋಲಾರ ಜಿಲ್ಲೆಯಲ್ಲೇ, ಕಾಮಸಮುದ್ರದ ಸುತ್ತಿನ ಹಳ್ಳಿಗಳಲ್ಲಿ, ಬಾವಿಗೆ ಗಪ್ಪಿ, ಕೆರೆಗೆ ಗ್ಯಾಂಬೂಸಿಯಾ ಮೀನು ಬಿಟ್ಟು ಮಲೇರಿಯವನ್ನು ಹತೋಟಿಗೆ ತಂದರು. ರೇಷ್ಮೆ ಹುಳ ಇರುವ ಮನೆಗೆ ಡಿ.ಡಿ.ಟಿ. ಹೊಡೆಸಿಕೊಳ್ಳಲು ಯಾರು ತಾನೇ ಒಪ್ಪುತ್ತಾರೆ? ನಮ್ಮಂಥ ಊರುಗಳಿಗೆ ಹೇಳಿ ಮಾಡಿಸಿದ ಉಪಾಯ ಮೀನು. ಸೊಳ್ಳೆ ತಿನ್ನುವ ಮೀನಿನ ಕೆರೆಗೆ ಸೊಳ್ಳೆ ಹೆಸರಿನಲ್ಲಿ ಎಣ್ಣೆ ಹರಿಸುವುದು ಯಾವ ಜಾಣತನ?

ಆಯಿಲ್‌ಗೆ ಬೆಲೆಯೂ ಉಂಟು. ಕರೀ ಆಯಿಲ್ ಸೋಸಿ ಮತ್ತೆ ಆಯಿಲ್ ಮಾಡುವ ಕಾರ್ಖಾನೆಗಳಿವೆ, ಪೇಟೆಯ ಗ್ಯಾರೇಜಿನವರು ಅದನ್ನು ಡ್ರಮ್ ಲೆಕ್ಕದಲ್ಲಿ ಮಾರುತ್ತಾರೆ. ಬಳಸಿದ ಆಯಿಲ್ ಅಪಾಯಕಾರಿ ತ್ಯಾಜ್ಯದ ಪಟ್ಟಿಯಲ್ಲಿದೆ. 2023ರ ಸೆಪ್ಟೆಂಬರಿನ ತಿದ್ದುಪಡಿ 2024ರ ಏಪ್ರಿಲ್ 1ರಿಂದ ಜಾರಿಗೆ ಬಂದು, ಅದನ್ನು ವಾಪಸು ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆಯನ್ನು ಆಯಿಲ್ ತಯಾರಿಸುವ ಕಂಪನಿಗಳ ಮೇಲೇ ಹೊರಿಸಿದೆ. ಹಳ್ಳಿಯ ಟ್ರಾಕ್ಟರ್ ಬಾಗಿಲಿಗೆ ಆ ಕಂಪನಿಯವರು ಬಂದದ್ದನ್ನು ನಾನಂತೂ ಕಂಡಿಲ್ಲ. ಬರಲಿ ಎಂದು ಕಾಯುವ ಬದಲು ಹಾಲಿನ ಡೇರಿಯ ಪಕ್ಕದಲ್ಲೋ ಸೊಸೈಟಿ ಗೋಡೌನಿನಲ್ಲೋ ಒಂದು ಮುಚ್ಚಳವಿರುವ ಬ್ಯಾರಲ್ ಇಟ್ಟರೆ, ತುಂಬಿದಾಗ ಪರವಾನಗಿ ಇರುವವರಿಗೆ ಮಾರಬಹುದು. ಕೆರೆ ಗುತ್ತಿಗೆ ಹಿಡಿದವರೇ ಬ್ಯಾರಲ್ ಕೊಡಿಸಲಿ ಎಂದು ಪಂಚಾಯ್ತಿ ಹರಾಜಿನ ಷರತ್ತಿಗೆ ಸೇರಿಸಿದರೆ ಇನ್ನೂ ವಾಸಿ. ಲಾಭವೂ ಅವರದೇ ತಾನೆ.

ತೊಳೆಯಲು ಬೇರೆ ಜಾಗ ಕೊಡದೆ ಕೆರೆಯಲ್ಲಿ ತೊಳೆಯಬೇಡಿ ಎಂದರೆ ಯಾರೂ ಕೇಳುವುದಿಲ್ಲ. ಕೆರೆಯಿಂದ ದೂರ ಒಂದು ಕಾಂಕ್ರೀಟ್ ನೆಲ, ಅದರ ಪಕ್ಕದಲ್ಲಿ ಸಿಮೆಂಟ್ ರಿಂಗಿನ ಎರಡು ತೊಟ್ಟಿ ಸಾಕು. ಮೊದಲ ತೊಟ್ಟಿಯಿಂದ ಎರಡನೆಯದಕ್ಕೆ ಹೋಗುವ ಪೈಪಿನ ಬಾಯಿಗೆ ಎಲ್ಬೋ ಹಾಕಿ ಕೆಳಮುಖ ಮಾಡಬೇಕು, ಬಾಯಿ ನೀರಿನ ಮಟ್ಟದಿಂದ ಒಂದು ಅಡಿ ಕೆಳಗಿರಬೇಕು. ಎಣ್ಣೆ ಮೇಲೆ ತೇಲುವ ಕಾರಣ ಮೊದಲ ತೊಟ್ಟಿಯಲ್ಲೇ ಉಳಿಯುತ್ತದೆ, ಅಡಿಯ ನೀರಷ್ಟೇ ದಾಟುತ್ತದೆ. ಸೋಪಿನ ಪುಡಿ ಹಾಕಿದರೆ ಮಾತ್ರ ಎಣ್ಣೆ ಒಡೆದು ಇದು ಕೆಲಸ ಮಾಡುವುದಿಲ್ಲ. ಮೊದಲು ಹಳೆ ಬಟ್ಟೆ, ಮರದ ಪುಡಿಯಲ್ಲಿ ಗ್ರೀಸು ಒರೆಸಿ ಆಮೇಲೆ ಬರೀ ನೀರು ಬಿಡಬೇಕು. ಮೇಲೆ ನಿಂತ ಎಣ್ಣೆಯನ್ನು ತಿಂಗಳಿಗೊಮ್ಮೆ ಬಾಚಿ ಬ್ಯಾರಲ್‌ಗೆ ಹಾಕುವುದಕ್ಕೆ ಒಬ್ಬರನ್ನು ಗೊತ್ತು ಮಾಡಬೇಕು, ಇಲ್ಲದಿದ್ದರೆ ಮಳೆಗಾಲದಲ್ಲಿ ತೊಟ್ಟಿ ತುಂಬಿ ಹರಿದು ಎಲ್ಲ ಕೆರೆಗೇ ಹೋಗುತ್ತದೆ. ಆಯುಧ ಪೂಜೆಗೆ ಮೊದಲು ನಡೆಯುವ ಗ್ರಾಮಸಭೆಯಲ್ಲಿ ಜಾಗ ಗುರುತು ಮಾಡಿಸಿಕೊಂಡರೆ ಆ ವರ್ಷದ ತೊಳೆತವಾದರೂ ಅಲ್ಲಿ ಆಗುತ್ತದೆ.